ಹಾಸ್ಟೆಲ್‌ಗೆ ಹಾಕಿದ್ರೆ ಸರಿಹೋಗ್ತಾನಾ?

ಕೈಮೀರಿದ ಹದಿಹರೆಯದ ಮಕ್ಕಳನ್ನು ತಮ್ಮಲ್ಲಿಟ್ಟುಕೊಂಡು ಸಾಕುವ ಕೆಲಸವನ್ನು ಕ್ರೈಸ್ತ ಸಂಸ್ಥೆಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಗುಬ್ಬಿ–ತುಮಕೂರಿನಿಂದ ಬೆಂಗಳೂರು, ವೆಲ್ಲೂರಿನವರೆಗೆ ಹರಡಿರುವ ಈ ಚರಿತ್ರೆಯಲ್ಲಿ ಮಗುವಿನ ಅಪ್ಪ–ಅಮ್ಮನಿಗೆ ಎಲ್ಲಿ ಜಾಗ ಸಿಕ್ಕಿದೆ, ಎಲ್ಲಿ ಸಿಕ್ಕಿಲ್ಲ?

ಮಾರ್ಕೋನಹಳ್ಳಿ ಜಲಾಶಯ ನೋಡಲು ಬಂದವರಿಗೆ ಊರಿನವರು ತಪ್ಪದೆ ಹೇಳುವುದು ಸೈಫನ್ ವಿಚಾರ. ಶಿಂಷಾ ನದಿಗೆ ಅಡ್ಡಲಾಗಿ ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ ಕಟ್ಟಿದ, ಸುಮಾರು 2.4 ಟಿಎಂಸಿ ಅಡಿ ನೀರು ಹಿಡಿಯುವ ಕಟ್ಟೆ ಇದು. ನೀರು ಮಟ್ಟ ಮೀರಿತೆಂದರೆ ಗೇಟ್ ಎತ್ತಲು ಯಾರೂ ಓಡಬೇಕಾಗಿಲ್ಲ, ಹೆಚ್ಚಾದದ್ದು ತಾನಾಗಿಯೇ ಹೊರಬೀಳುತ್ತದೆ. ಕಟ್ಟೆಯ ಆಸುಪಾಸಿನ ಮನೆಗಳಲ್ಲಿ ಹದಿನೈದರ ಹುಡುಗನೊಬ್ಬ ಮಟ್ಟ ಮೀರಿದಾಗ ಮಾತ್ರ ಇಂಥ ಏರ್ಪಾಟಿಲ್ಲ.

ಅವನು ಮಟ್ಟ ಮೀರುವ ಬಗೆ ಕುಣಿಗಲ್, ಗುಬ್ಬಿ, ತುಮಕೂರು ಎಲ್ಲ ಕಡೆಯೂ ಹೆಚ್ಚುಕಡಿಮೆ ಒಂದೇ. ಒಂಬತ್ತನೇ ಕ್ಲಾಸಿನಲ್ಲಿ ಶಾಲೆ ತಪ್ಪಿಸುವುದು ಶುರುವಾಗುತ್ತದೆ. ರಾತ್ರಿ ಎರಡರವರೆಗೆ ಮೊಬೈಲ್, ಬೆಳಗ್ಗೆ ಹತ್ತಾದರೂ ಏಳುವುದಿಲ್ಲ. ಅಪ್ಪನ ಜೇಬಿನಲ್ಲಿ ದುಡ್ಡು ಕಡಿಮೆಯಾಗುತ್ತದೆ, ಯಾರದೋ ಬೈಕು ಮನೆ ಮುಂದೆ ನಿಲ್ಲುತ್ತದೆ. ಕೇಳಿದರೆ ಬಾಗಿಲು ಧಡಾರ್. ಆ ಹೊತ್ತಿಗೆ ನೆಂಟರಲ್ಲೊಬ್ಬರು ಹೇಳಿಯೇ ಹೇಳುತ್ತಾರೆ: "ಯಾವ್ದಾದ್ರೂ ಹಾಸ್ಟೆಲ್‌ಗೆ ಹಾಕ್ಬಿಡಿ, ಸರಿಹೋಗ್ತಾನೆ." ಇನ್ನೊಬ್ಬರು ಸೇರಿಸುತ್ತಾರೆ: "ಫಾದರ್‌ಗಳ ಹಾಸ್ಟೆಲ್ ಆದ್ರೆ ಇನ್ನೂ ವಾಸಿ. ಬಲು ಸ್ಟ್ರಿಕ್ಟಂತೆ."

ಮಕ್ಕಳನ್ನು ಮನೆಯಿಂದಾಚೆ ಬಿಟ್ಟು ಬೆಳೆಸುವುದು ತುಮಕೂರು ಜಿಲ್ಲೆಗೆ ಹೊಸದೇನಲ್ಲ. 2019ರ ಜನವರಿ 21ರಂದು ಶಿವಕುಮಾರ ಸ್ವಾಮೀಜಿ ಲಿಂಗೈಕ್ಯರಾಗುವ ಹೊತ್ತಿಗೆ ಸಿದ್ಧಗಂಗಾ ಮಠದಲ್ಲಿ ಸುಮಾರು 10,000 ಮಕ್ಕಳು ಉಂಡು, ಓದಿ, ಮಲಗುತ್ತಿದ್ದರು. ಆದರೆ ಮಠದ ಸಾಲಿನಲ್ಲಿ ಊಟಕ್ಕೆ ಕೂತ ಹುಡುಗ ಓದಲೆಂದು ಬಂದವನು. ಅವನ ಮನೆಯಲ್ಲಿ ಬಡತನವಿತ್ತು, ಜಗಳವಿರಬೇಕೆಂದೇನೂ ಇರಲಿಲ್ಲ. ಮನೆಯವರ ಜತೆ ಮುಖಕ್ಕೆ ಮುಖ ಕೊಟ್ಟು ಮಾತಾಡದ, ಓಡಿಹೋಗುವ, ಕುಡಿಯಲು ಕಲಿತ, ಪೊಲೀಸ್ ಠಾಣೆ ಮೆಟ್ಟಿಲು ಹತ್ತಿದ ಮಗುವಿನ ವಿಷಯ ಬೇರೆ. ಆ ಮಗುವಿಗಾಗಿಯೇ ವಸತಿ ಕೇಂದ್ರ ಕಟ್ಟುವ ಯೋಚನೆಗೆ ಕ್ರೈಸ್ತ ಜಗತ್ತಿನಲ್ಲಿ ಉದ್ದ ಬೇರಿದೆ. ಅದರ ಒಂದು ಎಳೆ ತುಮಕೂರಿನ ನೆಲದಲ್ಲೇ ಇದೆ.

ಬರ ತಂದ ಮಕ್ಕಳು

ಮುಂದೆ ವೀರಣ್ಣನವರ ಹೆಸರಿನಲ್ಲಿ ಪ್ರಸಿದ್ಧವಾದ ನಾಟಕ ಕಂಪನಿ ಹುಟ್ಟುವುದಕ್ಕೆ ಸುಮಾರು ಅರ್ಧ ಶತಮಾನ ಮೊದಲೇ ಗುಬ್ಬಿಯ ಹೆಸರು ಲಂಡನ್ನಿನ ಚರ್ಚ್ ವಲಯದಲ್ಲಿ ಓಡಾಡುತ್ತಿತ್ತು. 1830ರ ದಶಕದ ಕೊನೆಯಲ್ಲಿ ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆಯೂರಿದರು. ಮುಂದೆ ಕನ್ನಡ ವ್ಯಾಕರಣ ಬರೆದವರು ಇವರೇ. ಅವರ ಬೆನ್ನಿಗೆ ಬಂದ ಯುವಕ ವಿಲಿಯಂ ಆರ್ಥರ್ ಕಣ್ಣಿನ ತೊಂದರೆಯಿಂದ ಬೇಗನೆ ಊರಿಗೆ ಮರಳಿದರೂ, ಗುಬ್ಬಿಯ ಬದುಕನ್ನು ಒಳಗೊಂಡ ಮೈಸೂರು ಸೀಮೆಯ ಪುಸ್ತಕವನ್ನು 1847ರಲ್ಲಿ ಹೊರತಂದರು. ಆಗ ಅವರ ಗುರಿ ಶಾಲೆ, ಅಚ್ಚುಕೂಟ, ಸಂತೆಯಲ್ಲಿ ಉಪದೇಶ. ಮಕ್ಕಳನ್ನು ತಂದಿಟ್ಟುಕೊಂಡು ಸಾಕುವ ಕೆಲಸ ಅವರ ಮೇಲೆ ಬಿದ್ದದ್ದು ಬರದಿಂದ.

1876ರಿಂದ 78ರವರೆಗೆ ಮೈಸೂರು ಸಂಸ್ಥಾನವನ್ನು ಹಿಂಡಿದ ಬರವನ್ನು ಜನಗಣತಿಯೇ ಹೇಳುತ್ತದೆ. 1871ರಲ್ಲಿ ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷ ಬಿಟ್ಟು ಎಣಿಸಿದಾಗ 41,86,188. ತುಮಕೂರು ಸೀಮೆ ಹೆಚ್ಚು ಬಳಲಿದ ಭಾಗಗಳಲ್ಲೊಂದು. ಗಂಜಿಕೇಂದ್ರಗಳ ಸುತ್ತ ಅಪ್ಪ–ಅಮ್ಮ ಇಲ್ಲದ ಮಕ್ಕಳು ಉಳಿದರು. ವೆಸ್ಲಿಯನ್ ಮಿಷನ್ ಹುಡುಗಿಯರಿಗೆ ಹಾಸನದಲ್ಲೂ ಹುಡುಗರಿಗೆ ತುಮಕೂರಿನಲ್ಲೂ ಅನಾಥಾಲಯ ತೆರೆಯಿತು. ತುಮಕೂರಿನದಕ್ಕೆ ಕೈಕೆಲಸ ಕಲಿಸುವ ಶಾಲೆಯೂ ಸೇರಿಕೊಂಡಿತು. ಓದು ಹತ್ತದ ಹುಡುಗನಿಗೂ ಒಂದು ಕಸುಬು ಕೈಗೆ ಬರಲೆಂಬುದು ಲೆಕ್ಕಾಚಾರ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ನೇಯ್ಗೆ ಶುರುಮಾಡಿ, 1865ರಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದರ ಹಿಂದೆಯೂ ಇಂಥದೇ ಚಿಂತೆಯಿತ್ತು: ತಮ್ಮನ್ನು ನಂಬಿ ಬಂದವರ ಹೊಟ್ಟೆಪಾಡು.

ಆ ಅನಾಥಾಲಯಗಳು ಜೀವ ಉಳಿಸಿದವು. ಅದರ ಜತೆಗೆ ಮಗುವಿನ ಹಿಂದಿನ ಬದುಕನ್ನು ಪೂರ್ತಿ ಮುಚ್ಚಿ ಹೊಸದೊಂದನ್ನು ತೆರೆದವು. ಹೊಸ ಧರ್ಮ, ಹೊಸ ಬಂಧುಬಳಗ, ಮಿಷನ್ ಕಾಂಪೌಂಡಿನೊಳಗೇ ಬೆಳೆದು ಅಲ್ಲೇ ನೆಲೆ ಕಾಣುವ ಬಾಳು. ಕನ್ನಡ ಪ್ರಾಟೆಸ್ಟಂಟ್ ಸಮುದಾಯ ಬೆಳೆಯುವುದರಲ್ಲಿ ಬರದ ಮಕ್ಕಳ ಪಾಲು ದೊಡ್ಡದು. ಆಗಿನ ಲೆಕ್ಕದಲ್ಲಿ ಇದು ಸಹಜ, ಏಕೆಂದರೆ ಹಿಂದಿರುಗಲು ಮನೆಯೇ ಉಳಿದಿರಲಿಲ್ಲ. ತೊಂದರೆ ಶುರುವಾದದ್ದು ಆಮೇಲೆ. ಮನೆಯಿರುವ, ಅಪ್ಪ–ಅಮ್ಮ ಬದುಕಿರುವ ಮಕ್ಕಳಿಗೂ ಜಗತ್ತಿನಾದ್ಯಂತ ಇದೇ ಮಾದರಿಯನ್ನು ಹೊಂದಿಸಲು ಹೊರಟಾಗ. ವೆಸ್ಲಿಯನ್ ಸಭೆ 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಸೇರಿಹೋಯಿತು. ತುಮಕೂರಿನ ಚರ್ಚ್ ಸರ್ಕಲ್, ಸಿಎಸ್‌ಐ ಬಡಾವಣೆ ಎಂಬ ಹೆಸರುಗಳಲ್ಲಿ ಆ ಕಾಲದ ಗುರುತು ಇನ್ನೂ ಬಳಕೆಯಲ್ಲಿದೆ.

ಅಮ್ಮನನ್ನೇ ಕರೆತಂದ ಪಾದ್ರಿ

ದಾರಿ ತಪ್ಪಿದ ಹದಿಹರೆಯದವರಿಗೆ ವಸತಿ ಎಂದಾಗ ಕ್ಯಾಥೊಲಿಕರು ಮೊದಲು ಹೇಳುವ ಹೆಸರು ಜಾನ್ ಬಾಸ್ಕೋ. 1815ರಲ್ಲಿ ಇಟಲಿಯ ಹಳ್ಳಿಯೊಂದರಲ್ಲಿ ಹುಟ್ಟಿದ ಈತ ಎರಡು ವರ್ಷದವನಿದ್ದಾಗಲೇ ಅಪ್ಪನನ್ನು ಕಳೆದುಕೊಂಡ. ಪಾದ್ರಿಯಾಗಿ ಟ್ಯೂರಿನ್ ನಗರಕ್ಕೆ ಬಂದಾಗ ಅಲ್ಲಿನ ಜೈಲುಗಳಲ್ಲಿ ಮೀಸೆ ಮೂಡದ ಹುಡುಗರನ್ನು ಕಂಡರು. ಬಿಡುಗಡೆಯಾದವರು ಮತ್ತೆ ಅಲ್ಲಿಗೇ ಬರುತ್ತಿದ್ದರು. ಹೊರಗೆ ಅವರಿಗೆಂದು ಯಾರೂ ಇರಲಿಲ್ಲ. ಕೂಲಿಗೆಂದು ಹಳ್ಳಿಯಿಂದ ಬಂದ ಇಂಥ ಹುಡುಗರನ್ನು 1841ರ ಡಿಸೆಂಬರಿನಿಂದ ಅವರು ಭಾನುವಾರ ಒಟ್ಟುಗೂಡಿಸತೊಡಗಿದರು. ಆಟ, ಪಾಠ, ಪ್ರಾರ್ಥನೆ ಎಲ್ಲ ಒಂದೇ ಅಂಗಳದಲ್ಲಿ.

1846ರಲ್ಲಿ ಕಾಯಿಲೆಯಿಂದ ಎದ್ದ ಬಾಸ್ಕೋ ಮಾಡಿದ ಕೆಲಸವನ್ನು ಅವರ ಅನುಯಾಯಿಗಳು ಇಂದಿಗೂ ನೆನೆಯುತ್ತಾರೆ. ಊರಿಗೆ ಹೋಗಿ ತಮ್ಮ ವಿಧವೆ ತಾಯಿ ಮಾರ್ಗರೀಟಾರನ್ನು ಟ್ಯೂರಿನ್ನಿಗೆ ಕರೆತಂದರು. ಮರುವರ್ಷ ಮೊದಲ ಹುಡುಗ ಅವರ ಮನೆಯಲ್ಲಿ ಮಲಗಿದ. ಹತ್ತು ವರ್ಷ, 1856ರಲ್ಲಿ ಸಾಯುವವರೆಗೆ, ಆ ರೈತ ಹೆಂಗಸು ನೂರಾರು ಹುಡುಗರ ಬಟ್ಟೆ ಹೊಲಿದರು, ಅಡುಗೆ ಮಾಡಿದರು. ಹುಡುಗರು ಅವರನ್ನು ಅಮ್ಮ ಎಂದೇ ಕರೆದರು. ಮನೆ ಬಿಟ್ಟು ಬಂದವರಿಗೆ ಕಟ್ಟಡ ಸಾಲದು, ಮನೆಯಂಥದ್ದೇ ಬೇಕೆಂದು ಬಾಸ್ಕೋಗೆ ಹೊಳೆದಿತ್ತು. 1877ರಲ್ಲಿ ಅವರು ತಮ್ಮ ಕ್ರಮವನ್ನು ಬರೆದಿಟ್ಟರು. ತಪ್ಪು ಮಾಡಿದ ಮೇಲೆ ಹೊಡೆಯುವ ಪದ್ಧತಿಯನ್ನು ಬದಿಗಿಟ್ಟು, ತಪ್ಪಿಗೆ ಅವಕಾಶ ಕೊಡದಂತೆ ಜತೆಗಿರುವ ಪದ್ಧತಿ ಅದು. ವಿವೇಚನೆ, ಧರ್ಮ, ಅಕ್ಕರೆ ಈ ಮೂರರ ಮೇಲೆ ಅದು ನಿಂತಿದೆ. ಅವರ ಸಲೇಶಿಯನ್ ಸಭೆಯವರು 1906ರಲ್ಲಿ ತಂಜಾವೂರಿಗೆ ಬಂದು ಭಾರತದಲ್ಲಿ ಕೆಲಸ ಶುರುಮಾಡಿದರು.

ಅಮೆರಿಕದ ಒಮಾಹಾದಲ್ಲಿ ಎಡ್ವರ್ಡ್ ಫ್ಲಾನಗನ್ ಎಂಬ ಐರಿಷ್ ಪಾದ್ರಿ 1917ರ ಡಿಸೆಂಬರಿನಲ್ಲಿ ಸಾಲ ಮಾಡಿ ಬಾಡಿಗೆ ಮನೆ ಹಿಡಿದು ಐವರು ಹುಡುಗರನ್ನು ಸೇರಿಸಿಕೊಂಡರು. ಅದೇ ಬೆಳೆದು ಬಾಯ್ಸ್ ಟೌನ್ ಆಯಿತು. 1938ರಲ್ಲಿ ಅದರ ಮೇಲೆ ಸಿನಿಮಾ ಬಂದು, ಪಾದ್ರಿಯ ಪಾತ್ರ ಮಾಡಿದ ಸ್ಪೆನ್ಸರ್ ಟ್ರೇಸಿಗೆ ಆಸ್ಕರ್ ಸಿಕ್ಕಿತು. ಸಿನಿಮಾ ನೋಡಿದವರ ಕಣ್ಣಲ್ಲಿ ಉಳಿದದ್ದು ಸಾಲುಸಾಲು ಮಂಚಗಳ ದೊಡ್ಡ ಹಾಲ್. ಅದನ್ನು ಬಾಯ್ಸ್ ಟೌನಿನವರೇ 1970ರ ದಶಕದಲ್ಲಿ ಕೈಬಿಟ್ಟರು. ಗಂಡ–ಹೆಂಡತಿ ಒಂದು ಮನೆಯಲ್ಲಿದ್ದು ಆರೆಂಟು ಮಕ್ಕಳನ್ನು ನೋಡಿಕೊಳ್ಳುವ ಪದ್ಧತಿಗೆ ಬಂದರು. ನೂರು ಮಕ್ಕಳಿಗೆ ಒಬ್ಬ ವಾರ್ಡನ್ ಇರುವ ಕಡೆ ಹುಡುಗ ಶಿಸ್ತು ಕಲಿಯಬಹುದು. ಊಟದ ತಟ್ಟೆ ಮುಂದೆ ಜಗಳವಾದಾಗ ಸಮಾಧಾನದಿಂದ ಮಾತಾಡುವುದನ್ನು ಕಲಿಯಲು ಊಟದ ಮೇಜಿನಷ್ಟೇ ದೊಡ್ಡ ಮನೆ ಬೇಕು.

ಪ್ಲಾಟ್‌ಫಾರಂ ಮೇಲಿನ ಮೊದಲ ಮಾತು

ಗುಬ್ಬಿ, ತುಮಕೂರಿನ ಹುಡುಗ ಮನೆ ಬಿಟ್ಟರೆ ಹೋಗುವುದು ಎಲ್ಲಿಗೆಂದು ಊಹಿಸಲು ಕಷ್ಟವಿಲ್ಲ. ಹುಬ್ಬಳ್ಳಿ–ಬೆಂಗಳೂರು ರೈಲು ಮಾರ್ಗ ಎರಡೂ ಊರುಗಳನ್ನು ಹಾದುಹೋಗುತ್ತದೆ. ಹಾಸನ–ಬೆಂಗಳೂರು ಮಾರ್ಗ 2017ರಲ್ಲಿ ಪೂರ್ತಿಯಾದಾಗಿನಿಂದ ಕುಣಿಗಲ್‌ಗೂ ರೈಲಿದೆ. ಟಿಕೆಟ್ ಇಲ್ಲದೆ ಹತ್ತಿದರೂ ಮಧ್ಯಾಹ್ನದೊಳಗೆ ಮೆಜೆಸ್ಟಿಕ್.

1980ರಲ್ಲಿ ಬೆಂಗಳೂರಿನ ಸಲೇಶಿಯನ್ ಗುರುವಿದ್ಯಾಲಯದ ವಿದ್ಯಾರ್ಥಿಗಳು ಬೀದಿಗಿಳಿದದ್ದು ಇಂಥ ಮಕ್ಕಳನ್ನು ಹುಡುಕಿಕೊಂಡು. ಚಿಂದಿ ಆಯುವ, ಬಸ್‌ಸ್ಟ್ಯಾಂಡಿನಲ್ಲಿ ಮಲಗುವ, ಹೋಟೆಲಿನಲ್ಲಿ ಲೋಟ ತೊಳೆಯುವ ಹುಡುಗರ ಪಕ್ಕ ಕೂತು ಮಾತಿಗಿಳಿಯುವುದೇ ಆಗ ಅವರ ಕೆಲಸ. ಅದೇ ಮುಂದೆ ಬಾಸ್ಕೋ ಸಂಸ್ಥೆಯಾಯಿತು. ಚಾಮರಾಜಪೇಟೆಯ 'ಬಾಸ್ಕೋ ಮನೆ' ನಗರದ ಪೊಲೀಸರಿಗೂ ಆಟೊ ಚಾಲಕರಿಗೂ ಗೊತ್ತಿರುವ ವಿಳಾಸ. ದಾವಣಗೆರೆ, ಚಿತ್ರದುರ್ಗದಂಥ ಊರುಗಳಲ್ಲೂ ಡಾನ್ ಬಾಸ್ಕೋ ಹೆಸರಿನಲ್ಲಿ ದುಡಿಯುವ ಮಕ್ಕಳ, ಮನೆ ಬಿಟ್ಟ ಮಕ್ಕಳ ಕೆಲಸ ನಡೆದಿದೆ.

ಓಡಿಬಂದ ಮಗು ಸಿಕ್ಕ ಮೇಲೆ ಏನಾಗಬೇಕೆಂಬುದು ಇಂದು ಫಾದರ್‌ಗಳ ಇಷ್ಟಕ್ಕೆ ಬಿಟ್ಟದ್ದಲ್ಲ. 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರ ಈ ಸಮಿತಿಗೆ ಮ್ಯಾಜಿಸ್ಟ್ರೇಟ್ ಅಧಿಕಾರವಿದೆ. ಮಗುವಿನ ಮನೆ, ಶಾಲೆ, ಓಡಿಬಂದ ಕಾರಣ ಇವನ್ನೆಲ್ಲ ಸಮಾಜ ಕಾರ್ಯಕರ್ತರು ವಿಚಾರಿಸಿ 15 ದಿನದೊಳಗೆ ವರದಿ ಕೊಡಬೇಕು. ಮನೆಗೆ ಮರಳಿಸುವುದೇ ಮಕ್ಕಳ ಗೃಹದ ಮುಖ್ಯ ಗುರಿ ಎಂದು ಕಾಯ್ದೆ ಬಿಡಿಸಿ ಹೇಳುತ್ತದೆ. ವಸತಿಗೃಹದಲ್ಲಿಡುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ.

ಕಡತದಲ್ಲಿ 'ಪೋಷಕರಿಗೆ ಒಪ್ಪಿಸಲಾಯಿತು' ಎಂದು ಒಂದು ಸಾಲು ಬರೆಯುವುದು ಸುಲಭ. ಮಗು ಓಡಿಬಂದದ್ದೇ ಆ ಮನೆಯಿಂದ. ಅಪ್ಪ ದಿನಾ ಕುಡಿದು ಬರುತ್ತಾನೆ. ಅಮ್ಮ ವಸಂತನರಸಾಪುರದ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬರುವಷ್ಟರಲ್ಲಿ ಹುಡುಗ ಉಂಡನೋ ಇಲ್ಲವೋ ಗೊತ್ತಿಲ್ಲ. ಅಜ್ಜಿಗೆ ಮೊಬೈಲಿನಲ್ಲಿ ಮೊಮ್ಮಗ ಏನು ಮಾಡುತ್ತಾನೆಂದು ತಿಳಿಯದು. ಆ ಮನೆ ಹಾಗೆಯೇ ಇದ್ದರೆ, ಮುಂದಿನ ತಿಂಗಳು ಅದೇ ಹುಡುಗ ಅದೇ ಪ್ಲಾಟ್‌ಫಾರಂನಲ್ಲಿ ಸಿಗುತ್ತಾನೆ. ಮಗುವನ್ನು ಒಳಗಿಟ್ಟುಕೊಂಡ ತಿಂಗಳುಗಳಲ್ಲಿ ಮನೆಯವರ ಜತೆ ನಡೆಯುವ ಕೆಲಸವೇ ಗಟ್ಟಿ ಕೆಲಸ. ಹಣ ಕೊಡುವವರ ಕಣ್ಣಿಗೆ ಬೀಳುವುದು ಮಾತ್ರ ಕಟ್ಟಡ, ಹಾಸಿಗೆ, ಕಂಪ್ಯೂಟರ್ ಕೋಣೆ.

ಬೀಗದ ಹಿಂದೆ

ಈ ಚರಿತ್ರೆಗೆ ಕರಾಳ ಮುಖವೂ ಇದೆ. ಅದನ್ನು ಬಿಟ್ಟು ಬರೆದರೆ 'ಬಲು ಸ್ಟ್ರಿಕ್ಟಂತೆ' ಎಂಬ ಮಾತಿನ ಅಪಾಯ ಅರ್ಥವಾಗದು.

ಗುಡ್ ಶೆಫರ್ಡ್ ಸಿಸ್ಟರ್‌ಗಳು ಬೆಂಗಳೂರಿಗೆ ಬಂದದ್ದು 1854ರಲ್ಲಿ. 1886ರಲ್ಲಿ ಸೇಂಟ್ ಮಾರ್ಥಾಸ್ ಆಸ್ಪತ್ರೆ ಕಟ್ಟಿದ್ದರಿಂದ ಅವರ ಹೆಸರು ಊರಿಗೆ ಪರಿಚಿತ. ಫ್ರಾನ್ಸಿನ ಆಂಜೆ ಪಟ್ಟಣದಲ್ಲಿ ಮೇರಿ ಯೂಫ್ರೇಸಿಯಾ ಪೆಲೆಟಿಯೆ 1835ರಲ್ಲಿ ಸ್ಥಾಪಿಸಿದ ಈ ಸಭೆಯ ಮೂಲ ಕಸುಬು ಸಂಕಟದಲ್ಲಿರುವ ಹುಡುಗಿಯರಿಗೆ, ಹೆಂಗಸರಿಗೆ ಆಸರೆ ಕೊಡುವುದು. ಆದರೆ ಐರ್ಲೆಂಡಿನಲ್ಲಿ ಇದೇ ಸಭೆಯೂ ಸೇರಿದಂತೆ ನಾಲ್ಕು ಕನ್ಯಾಸ್ತ್ರೀ ಸಭೆಗಳು ನಡೆಸಿದ ಮ್ಯಾಗ್ಡಲಿನ್ ಬಟ್ಟೆ ಒಗೆಯುವ ಮನೆಗಳು ಆಸರೆಯ ಹೆಸರಿನಲ್ಲಿ ಸೆರೆಮನೆಗಳಾದವು. ಮದುವೆಗೆ ಮುಂಚೆ ಬಸುರಾದವರು, ಅನಾಥಾಲಯದಿಂದ ಬಂದವರು, ಮನೆಯವರಿಗೆ ಹೊರೆಯೆನಿಸಿದವರು ಅಲ್ಲಿ ಸಂಬಳವಿಲ್ಲದೆ ದುಡಿದರು. ಕೊನೆಯ ಮನೆ ಮುಚ್ಚಿದ್ದು 1996ರಲ್ಲಿ. 1922ರಿಂದ ಅಲ್ಲಿಗೆ ಸುಮಾರು 10,000 ಹೆಂಗಸರು ಸೇರಿದ್ದರೆಂದು ಸರ್ಕಾರದ ಸಮಿತಿ ಲೆಕ್ಕ ಕೊಟ್ಟಿತು. 2013ರ ಫೆಬ್ರವರಿಯಲ್ಲಿ ಪ್ರಧಾನಿ ಎಂಡಾ ಕೆನಿ ಸಂಸತ್ತಿನಲ್ಲಿ ನಿಂತು ಕ್ಷಮೆ ಕೇಳಿದರು.

ಅಮೆರಿಕದ ಟೆಕ್ಸಾಸ್‌ನಲ್ಲಿ ಲೆಸ್ಟರ್ ರೋಲಫ್ ಎಂಬ ಬ್ಯಾಪ್ಟಿಸ್ಟ್ ಉಪದೇಶಕರ ಕತೆ ಇನ್ನೊಂದು ಬಗೆಯದು. 'ಕೆಟ್ಟುಹೋದ' ಹುಡುಗಿಯರಿಗಾಗಿ ಅವರು ನಡೆಸುತ್ತಿದ್ದ ರೆಬೆಕಾ ಹೋಮ್‌ನಿಂದ ಹೊಡೆತದ ದೂರುಗಳು ಬಂದಾಗ ರಾಜ್ಯ ಸರ್ಕಾರ ಲೈಸೆನ್ಸ್ ಕೇಳಿತು. ದೇವರ ಕೆಲಸಕ್ಕೆ ಸರ್ಕಾರದ ಅಪ್ಪಣೆ ಏಕೆಂದು ರೋಲಫ್ ಹಟ ಹಿಡಿದರು. 1979ರಲ್ಲಿ ಅಧಿಕಾರಿಗಳು ಒಳಹೋಗದಂತೆ ಬೆಂಬಲಿಗರು ಕೈಕೈ ಹಿಡಿದು ಸುತ್ತ ನಿಂತರು. ಮಿಸೌರಿಯಲ್ಲಿ ಧಾರ್ಮಿಕ ವಸತಿಗೃಹಗಳಿಗೆ ಲೈಸೆನ್ಸಿನ ವಿನಾಯಿತಿ ದಶಕಗಟ್ಟಲೆ ಇತ್ತು. ಅವುಗಳ ಮೇಲೆ ಕಣ್ಣಿಡುವ ಕಾನೂನು ಬಂದದ್ದು 2021ರಲ್ಲಿ. ಹಳೆಯ ವಿದ್ಯಾರ್ಥಿಗಳ ದೂರುಗಳಿಂದ ಸುದ್ದಿಯಾದ ಅಲ್ಲಿನ ಅಗಾಪೆ ವಸತಿಶಾಲೆ 2023ರ ಜನವರಿಯಲ್ಲಿ ಬಾಗಿಲು ಹಾಕಿತು. ವಸತಿ ಸಂಸ್ಥೆಗಳಲ್ಲಿ ಮಕ್ಕಳ ಮೇಲಾಗುವ ದೌರ್ಜನ್ಯ ತಡೆಯಲು ಅಮೆರಿಕದ ಸಂಸತ್ತು ಕಾಯ್ದೆ ಮಾಡಿದ್ದು 2024ರ ಡಿಸೆಂಬರಿನಲ್ಲಿ.

ಈ ಎಲ್ಲ ಕಡೆ ಒಂದು ಲಕ್ಷಣ ಸಾಮಾನ್ಯ. ಒಳಗಿರುವ ಮಗು ಮನೆಯವರೊಂದಿಗೆ ಮನಬಿಚ್ಚಿ ಮಾತಾಡುವಂತಿರಲಿಲ್ಲ. ಪತ್ರ ತೆರೆದು ಓದುವುದು, ಫೋನಿನ ಪಕ್ಕ ಸಿಬ್ಬಂದಿ ನಿಲ್ಲುವುದು, ತಿಂಗಳುಗಟ್ಟಲೆ ಭೇಟಿಯೇ ಇಲ್ಲದಿರುವುದು. ಅಪ್ಪ–ಅಮ್ಮನಿಗೆ ಹೇಳುತ್ತಿದ್ದ ಮಾತು: ಮಗು ಅತ್ತು ದೂರಿದರೆ ನಂಬಬೇಡಿ, ಅದು ನಾಟಕ.

ಭಾರತದ ಕಾನೂನು ಈ ವಿಷಯದಲ್ಲಿ ಯಾರಿಗೂ ರಿಯಾಯಿತಿ ಕೊಟ್ಟಿಲ್ಲ. ಸರ್ಕಾರದ ಅನುದಾನ ಪಡೆಯಲಿ ಬಿಡಲಿ, ಚರ್ಚಿನದಿರಲಿ ಮಠದ್ದಿರಲಿ ಮದರಸಾದ್ದಿರಲಿ, ಪಾಲನೆ–ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಸಂಸ್ಥೆ ಬಾಲನ್ಯಾಯ ಕಾಯ್ದೆಯ 41ನೇ ಸೆಕ್ಷನ್ನಿನಡಿ ನೋಂದಣಿ ಮಾಡಿಸಲೇಬೇಕು. ಮಾಡಿಸದಿದ್ದರೆ ಒಂದು ವರ್ಷದವರೆಗೆ ಜೈಲು ಅಥವಾ ಕನಿಷ್ಠ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಮಕ್ಕಳ ಗೃಹದ ಸಿಬ್ಬಂದಿಯೇ ಲೈಂಗಿಕ ದೌರ್ಜನ್ಯ ಎಸಗಿದರೆ 2012ರ ಪೋಕ್ಸೊ ಕಾಯ್ದೆ ಅದನ್ನು ಹೆಚ್ಚು ಗಂಭೀರ ಅಪರಾಧವೆಂದು ಎಣಿಸುತ್ತದೆ. ಆಚರಣೆ ಎಷ್ಟು ಹಿಂದಿತ್ತೆಂಬುದು ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದ ಸಮೀಕ್ಷೆಯಲ್ಲಿ ಬಯಲಾಯಿತು. ದೇಶದಲ್ಲಿ ಗುರುತಿಸಿದ 9,589 ಗೃಹಗಳಲ್ಲಿ ಶೇ 91ರಷ್ಟು ಸರ್ಕಾರೇತರ ಸಂಸ್ಥೆಗಳವು. 2016ರಲ್ಲಿ ಬಾಲನ್ಯಾಯ ಕಾಯ್ದೆಯಡಿ ನೋಂದಣಿಯಾಗಿದ್ದವು ಶೇ 32 ಮಾತ್ರ. 2017ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಆ ವರ್ಷದ ಕೊನೆಯೊಳಗೆ ಎಲ್ಲ ಗೃಹಗಳ ನೋಂದಣಿ ಮುಗಿಸಲು ಗಡುವು ಕೊಡಬೇಕಾಯಿತು.

ವೆಲ್ಲೂರಿನ ಪಾಠ

ಮನೆಯವರನ್ನು ಹೊರಗಿಡುವ ಬದಲು ಒಳಗೇ ಕರೆದುಕೊಂಡ ಕ್ರೈಸ್ತ ಸಂಸ್ಥೆಯೂ ನಮ್ಮ ಪಕ್ಕದಲ್ಲೇ ಇದೆ. ಕರ್ನಾಟಕದ ಹಳ್ಳಿಗಳಿಂದಲೂ 'ವೆಲ್ಲೂರಿಗೆ ತೋರಿಸ್ಕೊಂಡು ಬರ್ತೀವಿ' ಎಂದು ಜನ ಹೊರಡುವ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಅದು.

1950ರ ದಶಕದ ಕೊನೆಯಲ್ಲಿ ಕೆನಡಾದ ಮನೋವೈದ್ಯೆ ಫ್ಲಾರೆನ್ಸ್ ನಿಕೋಲ್ಸ್ ವೆಲ್ಲೂರಿನ ಬಾಗಾಯಂನಲ್ಲಿ ಮಾನಸಿಕ ಆರೋಗ್ಯ ಕೇಂದ್ರ ಕಟ್ಟಿದಾಗ, ಹುಚ್ಚಾಸ್ಪತ್ರೆ ಎಂದರೆ ಎತ್ತರದ ಗೋಡೆ, ಒಳಗೆ ರೋಗಿ, ಹೊರಗೆ ಮರೆತುಬಿಟ್ಟ ಬಂಧುಗಳು ಎಂಬ ಕಾಲ. ವೆಲ್ಲೂರಿನ ನಿಯಮ ಅದಕ್ಕೆ ತದ್ವಿರುದ್ಧ. ರೋಗಿಯ ಜತೆ ಮನೆಯವರೊಬ್ಬರು ಇದ್ದೇ ತೀರಬೇಕು. ಹೆಚ್ಚುಕಡಿಮೆ ಅದೇ ದಶಕದಲ್ಲಿ ಅಮೃತಸರದ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅಂಗಳದಲ್ಲೇ ಡೇರೆ ಹಾಕಿಸಿ ರೋಗಿಗಳ ಕುಟುಂಬಗಳನ್ನು ಉಳಿಸಿಕೊಂಡಿದ್ದರು. ಸಿಬ್ಬಂದಿ ಕಡಿಮೆ ಎಂಬ ಕೊರತೆ ಈ ಏರ್ಪಾಟಿಗೆ ಒಂದು ಕಾರಣವಾದರೂ, ಫಲ ಬೇರೆಯದೇ ಬಂತು. ರೋಗಿ ಬೇಗ ಮನೆಗೆ ಹೋದ. ಹೋದ ಮೇಲೆ ಹೇಗೆ ನೋಡಿಕೊಳ್ಳಬೇಕೆಂಬುದು ಮನೆಯವರಿಗೆ ಆಗಲೇ ತಿಳಿದಿತ್ತು.

ಬಾಗಾಯಂನ ಮಕ್ಕಳ ಮತ್ತು ಹದಿಹರೆಯದವರ ವಿಭಾಗದಲ್ಲೂ ಇದೇ ಕ್ರಮ. ಬೆಳವಣಿಗೆಯ ತೊಂದರೆಯಿರುವ ಮಗುವಿನ ಜತೆ ತಾಯಿ ಅಥವಾ ತಂದೆ ವಾರಗಟ್ಟಲೆ ಉಳಿದು, ಚಿಕಿತ್ಸಕರು ಮಾಡುವುದನ್ನು ನೋಡಿ, ತಾವೇ ಮಾಡಿ ಕಲಿಯುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬವನ್ನೇ ದಾಖಲಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗ ಬಹಳ ಕಾಲದಿಂದ ಇದೆ. ಮೊಬೈಲ್, ಆನ್‌ಲೈನ್ ಆಟಗಳ ಗೀಳಿಗಾಗಿ 2014ರಲ್ಲಿ ಅದೇ ಸಂಸ್ಥೆ 'ಶಟ್' ಕ್ಲಿನಿಕ್ ತೆರೆಯಿತು. ಹುಡುಗ ಬಾಗಿಲು ಹಾಕಿಕೊಂಡು ಆಡುತ್ತಾನೆಂದು ಬರುವ ಪೋಷಕರು ಅಲ್ಲಿ ತಮ್ಮ ಮೊಬೈಲ್ ಬಳಕೆಯ ಬಗ್ಗೆಯೂ ಉತ್ತರ ಕೊಡಬೇಕಾಗುತ್ತದೆ.

ಒಂದು ಕಾಲಕ್ಕೆ ವಿಚಿತ್ರವೆನಿಸಿದ್ದ ಈ ರೂಢಿ ಈಗ ದೇಶದ ಕಾನೂನು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 87ನೇ ಸೆಕ್ಷನ್ ಪ್ರಕಾರ, ಹದಿನೆಂಟು ತುಂಬದವರನ್ನು ಮಾನಸಿಕ ಚಿಕಿತ್ಸೆಗೆ ಒಳರೋಗಿಯಾಗಿ ಸೇರಿಸಿಕೊಂಡರೆ ಪೋಷಕರು ಅಥವಾ ಅವರು ನೇಮಿಸಿದವರು ಅಷ್ಟೂ ದಿನ ಜತೆಗಿರಬೇಕು. ಹುಡುಗಿಯಾದರೆ ಜತೆಗೆ ಹೆಂಗಸೇ ಇರಬೇಕು. ದೊಡ್ಡವರ ವಾರ್ಡಿನಲ್ಲಿ ಇಡುವಂತಿಲ್ಲ. ಸೇರಿಸಿಕೊಂಡ ವಿಷಯವನ್ನು 72 ಗಂಟೆಯೊಳಗೆ ಪರಿಶೀಲನಾ ಮಂಡಳಿಗೆ ತಿಳಿಸಬೇಕು. ಡಿ–ಅಡಿಕ್ಷನ್ ಸೆಂಟರ್ ಎಂದು ಬೋರ್ಡು ಹಾಕಿ, ರಾತ್ರೋರಾತ್ರಿ ಕಾರು ಕಳಿಸಿ ಹುಡುಗನನ್ನು ಎತ್ತಿಹಾಕಿಕೊಂಡು ಹೋಗುವವರ ಬಗ್ಗೆ ಕೇಳಿದವರು ಈ ಸಾಲುಗಳನ್ನು ಎರಡು ಸಲ ಓದಬೇಕು.

ಕಾಯ್ದೆಯಲ್ಲಿಲ್ಲದ ಹುಡುಗ

ಇಷ್ಟೆಲ್ಲ ಕಾನೂನಿದ್ದರೂ ನೆಂಟರು ಹಾಸ್ಟೆಲ್‌ಗೆ ಹಾಕೆಂದ ಆ ಹುಡುಗ ಎಲ್ಲಿಗೆ ಸೇರುತ್ತಾನೆ? ಬಾಲನ್ಯಾಯ ಕಾಯ್ದೆ ಮಕ್ಕಳನ್ನು ಎರಡು ಪಟ್ಟಿಯಲ್ಲಿ ನೋಡುತ್ತದೆ. ಪಾಲನೆ ಮತ್ತು ರಕ್ಷಣೆಯ ಅಗತ್ಯವಿರುವವರು ಒಂದು, ಕಾನೂನಿನೊಂದಿಗೆ ಸಂಘರ್ಷಕ್ಕೊಳಗಾದವರು ಇನ್ನೊಂದು. ಮೊದಲನೆಯವರು ಕಲ್ಯಾಣ ಸಮಿತಿಗೆ, ಎರಡನೆಯವರು ಬಾಲನ್ಯಾಯ ಮಂಡಳಿಗೆ. ಕದ್ದು ಸಿಕ್ಕಿಬಿದ್ದ ಹುಡುಗನಿಗೆ ಮಂಡಳಿ ಬುದ್ಧಿ ಹೇಳಿ, ಅವನಿಗೂ ಅವನ ಅಪ್ಪ–ಅಮ್ಮನಿಗೂ ಆಪ್ತಸಮಾಲೋಚನೆ ಕೊಡಿಸಿ ಮನೆಗೆ ಕಳಿಸಬಹುದು, ಹೆಚ್ಚೆಂದರೆ ಮೂರು ವರ್ಷದವರೆಗೆ ವಿಶೇಷ ಗೃಹದಲ್ಲಿಡಬಹುದು. ಮಾತು ಕೇಳದವನು, ಶಾಲೆ ಬಿಟ್ಟವನು, ಬಾಗಿಲು ಬಡಿಯುವವನು ಎಂಬ ಮೂರನೇ ಪಟ್ಟಿ ಕಾಯ್ದೆಯಲ್ಲಿಲ್ಲ. ಮನೆ ಬಿಟ್ಟು ಓಡುವವರೆಗೆ ಅಥವಾ ಠಾಣೆ ಹತ್ತುವವರೆಗೆ ಅವನು ಬರೀ ಮನೆಯವರ ತಲೆನೋವು.

ಖಾಸಗಿ ವಸತಿಗೃಹಗಳಿಗೆ ಗಿರಾಕಿ ಸಿಗುವುದು ಈ ಖಾಲಿ ಜಾಗದಲ್ಲಿ. ಮರ್ಯಾದೆಗೆ ಅಂಜಿದ ಅಪ್ಪ ಊರಲ್ಲಿ ಯಾರಿಗೂ ಹೇಳದೆ ದೂರದ ಹೋಮ್ ಹುಡುಕುತ್ತಾನೆ. ಅಲ್ಲಿ ಪ್ರಾರ್ಥನೆಯಿದ್ದರೆ ಮತಾಂತರದ ಭಯ, ಇಲ್ಲದಿದ್ದರೆ ಶಿಸ್ತಿಲ್ಲವೆಂಬ ಅನುಮಾನ. ಸಂವಿಧಾನದ 28(3)ನೇ ವಿಧಿ ಇದಕ್ಕೊಂದು ಗೆರೆ ಎಳೆದಿದೆ. ಸರ್ಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಿಕ್ಷಣ ಸಂಸ್ಥೆ, ಪೋಷಕರ ಒಪ್ಪಿಗೆಯಿಲ್ಲದೆ ಅಪ್ರಾಪ್ತ ವಯಸ್ಸಿನವರನ್ನು ಧಾರ್ಮಿಕ ಬೋಧನೆಗೆ, ಪೂಜೆ–ಪ್ರಾರ್ಥನೆಗೆ ಕೂರಿಸುವಂತಿಲ್ಲ. ಭಾರತ 1992ರಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮನೆಯಿಂದ ದೂರವಾದ ಮಗುವಿನ ಧರ್ಮ, ಭಾಷೆ, ಸಂಸ್ಕೃತಿಗೆ ಗಮನ ಕೊಡಬೇಕೆನ್ನುತ್ತದೆ. ಫಾದರ್‌ಗಳ ಹಾಸ್ಟೆಲಿನಲ್ಲಿ ಬೆಳಗಿನ ಪ್ರಾರ್ಥನೆ ಇದ್ದೇ ಇರುತ್ತದೆ. ಬೇರೆ ಧರ್ಮದ ಹುಡುಗ ಆ ಹೊತ್ತಿನಲ್ಲಿ ಏನು ಮಾಡುತ್ತಾನೆಂಬ ಪ್ರಶ್ನೆಗೆ ಮುಜುಗರವಿಲ್ಲದ ಉತ್ತರ ಅಲ್ಲಿರಬೇಕು.

ಮನೆಯಲ್ಲೇ ಇಟ್ಟುಕೊಂಡು ದಾರಿಗೆ ತರಲು ಸಿಗುವ ನೆರವು ಜಿಲ್ಲಾ ಕೇಂದ್ರದಲ್ಲೇ ಇದೆ, ಕೇಳುವವರು ಕಡಿಮೆ. ಮಕ್ಕಳ ಸಹಾಯವಾಣಿ 1098ಕ್ಕೆ ಅಪ್ಪ–ಅಮ್ಮನೂ ಫೋನ್ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಬಡತನದಿಂದ ಮಗುವನ್ನು ಸಂಸ್ಥೆಗೆ ಸೇರಿಸಬೇಕಾದ ಕುಟುಂಬಗಳಿಗೆ ಕೇಂದ್ರ ಸರ್ಕಾರದ 'ಮಿಷನ್ ವಾತ್ಸಲ್ಯ' ಯೋಜನೆಯ ಪ್ರಾಯೋಜಕತ್ವದಡಿ ತಿಂಗಳಿಗೆ 4,000 ರೂಪಾಯಿ ಸಿಗುವ ಅವಕಾಶವಿದೆ. ಅರ್ಜಿ ಕೊಡಬೇಕಾದ್ದು ತುಮಕೂರಿನ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ.

ಇದೆಲ್ಲ ಮಾಡಿಯೂ ವಸತಿಗೃಹವೇ ಬೇಕಾದ ಮನೆಗಳು ಇರುತ್ತವೆ. ಹುಡುಗ ಗಾಂಜಾ ಕೊಡುವ ಕೈಗಳಿಂದ ಸ್ವಲ್ಪ ಕಾಲ ದೂರವಿರಬೇಕು, ಹುಡುಗಿ ಮನೆಯೊಳಗಿನ ಹೊಡೆತದಿಂದ ತಪ್ಪಿಸಿಕೊಳ್ಳಬೇಕು. ಅಂಥ ಮನೆಯವರು ಚರ್ಚಿನದಿರಲಿ ಬೇರೆಯವರದಿರಲಿ, ಆ ಹೋಮಿನ ಆಫೀಸಿನಲ್ಲಿ ಕೂತು ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ನೋಂದಣಿ ಪತ್ರ ಗೋಡೆಯ ಮೇಲಿದೆಯೇ, ಅದರ ಅವಧಿ ಯಾವಾಗ ಮುಗಿಯುತ್ತದೆ? ಮಕ್ಕಳು ಮಲಗುವ ಕೋಣೆ ತೋರಿಸುತ್ತೀರಾ, ರಾತ್ರಿ ಅಲ್ಲಿ ಯಾರಿರುತ್ತಾರೆ? ವಾರಕ್ಕೆ ಎಷ್ಟು ಸಲ ಫೋನು, ಪಕ್ಕದಲ್ಲಿ ಯಾರೂ ಇಲ್ಲದೆ ಮಾತಾಡಬಹುದೇ? ಹೇಳದೆ ಬಂದು ನೋಡಬಹುದೇ? ಮಾತ್ರೆ ಕೊಡುತ್ತೀರಾದರೆ ಬರೆದುಕೊಟ್ಟ ಡಾಕ್ಟರು ಯಾರು? ಎಷ್ಟು ತಿಂಗಳಲ್ಲಿ ವಾಪಸ್ ಕಳಿಸುವ ಯೋಜನೆ, ಅದು ಬರವಣಿಗೆಯಲ್ಲಿದೆಯೇ? ಇವಕ್ಕೆಲ್ಲ ನೆಟ್ಟಗೆ ಉತ್ತರ ಬಂದ ಮೇಲೆ ಹೋಮಿನವರೂ ಅಪ್ಪ–ಅಮ್ಮನಿಗೆ ಒಂದು ಪ್ರಶ್ನೆ ಹಾಕುತ್ತಾರೋ ಇಲ್ಲವೋ ನೋಡಬೇಕು: ತಿಂಗಳಲ್ಲಿ ಎಷ್ಟು ದಿನ ನೀವು ಇಲ್ಲಿ ಬಂದು ನಮ್ಮ ಜತೆ ಕೂರುತ್ತೀರಿ? ಆ ಪ್ರಶ್ನೆ ಕೇಳದೆ ಫೀಸಿನ ರಸೀದಿ ಹರಿಯುವ ಕಡೆ ಮಗನನ್ನು ಬಿಟ್ಟು ಬಸ್ಸು ಹತ್ತಬಾರದು.